ಇಶೆನ್‌ನನ್ನು ಅಂಗಾತ ಮಲಗಿಸಿದವರು

ಕುಬಾತ್ ಕೆಲಸಕ್ಕೆ ಸೇರಿದ ಮೊದಲ ದಿನ ಮಾಡಿದ ಘನಕಾರ್ಯವೆಂದರೆ, ನಿದ್ದೆ ಹೋಗಿದ್ದ ಒಬ್ಬ ಮನುಷ್ಯನ ಹಿಂದೆ ಕೂತು ಭಕ್ತಿಯಿಂದ ನಮಾಜು ಮಾಡಿದ್ದು.

ಸರೋವರದ ದಕ್ಷಿಣ ದಂಡೆಯ ಸಾರಿ-ಬುಲಾಕ್‌ನಲ್ಲಿ ಉಣ್ಣೆಗಂಬಳಿ ಹೊದಿಸಿದ ಗುಂಡು ಗುಡಾರಗಳನ್ನು, ಅಂದರೆ ಉಣ್ಣೆಮನೆಗಳನ್ನು, ಕಟ್ಟುವ ಮೇಸ್ತ್ರಿ ಮಾಂಬೆತ್ ಉಸ್ತಾನ ಕೆಲಸದ ಕೊಟ್ಟಿಗೆಗೆ ಅವನು ಬಂದು ಮುಟ್ಟಿದಾಗ ಊಟದ ಹೊತ್ತು. ಅಂಗಳದಲ್ಲಿ ನರಪಿಳ್ಳೆಯಿರಲಿಲ್ಲ. ಒಳಗೆ, ಹಬೆ ಕೊಟ್ಟು ಬಾಗಿಸಿ ಒಣಗಲಿಟ್ಟ ವಿಲೋ ಕೋಲುಗಳ ಪಕ್ಕದಲ್ಲಿ, ಅಗಲ ಬೆನ್ನಿನ ಒಬ್ಬ ಮನುಷ್ಯ ಕಂಬಳಿಯ ಮೇಲೆ ಕೂತು, ಮುಂದಕ್ಕೆ ಪೂರ್ತಿ ಬಾಗಿ, ತಲೆಯನ್ನು ನೆಲಕ್ಕೆ ಹಚ್ಚಿಕೊಂಡಂತಿದ್ದ. ಹೊಸ ಜಾಗದಲ್ಲಿ ಒಳ್ಳೆಯ ಹುಡುಗ ಎನ್ನಿಸಿಕೊಳ್ಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದ ಕುಬಾತ್ ಸದ್ದಿಲ್ಲದೆ ಬೂಟು ಕಳಚಿ, ಆ ಬೆನ್ನಿನ ಹಿಂದೆ ಮಂಡಿಯೂರಿ ತಾನೂ ಹಣೆ ಹಚ್ಚಿದ. ಅವನಿಗೆ ಬರುತ್ತಿದ್ದದ್ದು ಅಜ್ಜಿ ಕಲಿಸಿದ ನಾಲ್ಕು ಸಾಲು. ಹೇಳಿ ಮುಗಿಸಿದ. ಮುಂದಿನವನು ಏಳಲಿಲ್ಲ. ಮತ್ತೆ ಮೊದಲಿನಿಂದ ಹೇಳಿದ. ಏಳಲಿಲ್ಲ. ಬರೀ ತುಟಿ ಆಡಿಸುತ್ತ, ರಕ್ತವೆಲ್ಲ ತಲೆಗಿಳಿಯುತ್ತಿರುವಾಗ, ಮುಂದಿನಿಂದ ದೀರ್ಘವಾದ, ಗದ್ಗದದಂಥ ಸದ್ದೊಂದು ಬಂತು. ಅಳುತ್ತಿದ್ದಾನೆ, ಎಂಥ ಭಕ್ತಿ ಎಂದುಕೊಂಡ ಕುಬಾತ್‌ನ ಕಣ್ಣಲ್ಲೂ ನೀರು ತುಂಬಿತು. ಅರ್ಧ ಭಕ್ತಿಗೆ, ಅರ್ಧ ಮಂಡಿನೋವಿಗೆ.

ಮೀಸೆ ಒರೆಸಿಕೊಳ್ಳುತ್ತ ಒಳಗೆ ಬಂದ ಉಸ್ತಾ ಬಾಗಿಲಲ್ಲೇ ನಿಂತ.

"ಇವನೊಬ್ಬ ಸಾಲ್ದು ಅಂತ ಜೋಡಿ ಬೇರೆ ಬಂತಾ?"

"ನಮಾಜು..." ಎಂದ ಕುಬಾತ್, ತಲೆಯೆತ್ತದೆ.

"ಅವನು ಮಾಡ್ತಿರೋದು ನಿದ್ದೆ. ನೀನು ಏನು ಮಾಡ್ತಿದೀಯ ಅಂತ ದೇವರಿಗೂ ಗೊತ್ತಾಗಿರಲ್ಲ. ದಿಕ್ಕಾದ್ರೂ ನೋಡ್ಕೋಬಾರ್ದಾ ಮಾರಾಯ, ಅಂಟಿನ ಡಬ್ಬಕ್ಕೆ ಅಡ್ಡಬಿದ್ದಿದೀಯಲ್ಲ."

ಮಾತಿನ ಸದ್ದಿಗೆ ಆ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಅದು ಇಶೆನ್‌ನದು. ದುಂಡು ಮುಖ, ಓರೆಯಾಗಿ ಮೇಲಕ್ಕೆ ಹೋದ ಸಣ್ಣ ಕಣ್ಣುಗಳು, ಗಿಡ್ಡ ಕತ್ತು. ಅವನು ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಪಾದಗಳ ಮೇಲೇ ಹಣೆಯಿಟ್ಟು ಮಲಗಿದ್ದರಿಂದ ಹಣೆಯ ಮೇಲೆ ಬೂಟಿನ ದಾರದ ಅಚ್ಚು ಮೂಡಿತ್ತು. ಹೊಸಬನನ್ನು ಮೇಲಿನಿಂದ ಕೆಳಗೆ ನೋಡಿದ.

"ಗದ್ದಲ ಮಾಡ್ಬೇಡ," ಎಂದು ಹೇಳಿ, ಮತ್ತೆ ಮಡಚಿಕೊಂಡ.

ಇಶೆನ್‌ನಿಗೆ ಆಗ ನಲವತ್ತರ ಹತ್ತಿರ. ಅವನು ಹುಟ್ಟಿದಾಗ ಡಾಕ್ಟರು ಮುಖ ನೋಡಿ, ಇಂಥ ಮಗು ಮನೆಗೆ ಬೇಡ, ಸರ್ಕಾರದ ಆಶ್ರಮಕ್ಕೆ ಬಿಡು, ಇನ್ನೊಂದು ಹೆತ್ತುಕೊಂಡರಾಯಿತು ಎಂದಿದ್ದರಂತೆ. ತಾಯಿ ಮಗುವನ್ನು ಕೋಟಿನೊಳಗೆ ಸುತ್ತಿಕೊಂಡು, ಕಲ್ಲಿದ್ದಲಿನ ಲಾರಿ ಹತ್ತಿ ಊರಿಗೆ ಬಂದಳು. ಮಗುವಿನ ಮೈ ನಾದಿದ ಹಿಟ್ಟಿನ ಹಾಗೆ ಎತ್ತಿದ ಕಡೆ ಬಾಗುತ್ತಿತ್ತು. ನೆಟ್ಟಗೆ ಕಟ್ಟಿ ಮಲಗಿಸಿದರೆ ಮೂಳೆ ನೆಟ್ಟಗಾಗುತ್ತದೆ ಎಂದು ತಾಯಿ ಅವನನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಎದೆಗೂ ಮಂಡಿಗೂ ಅಗಲ ಪಟ್ಟಿ ಬಿಗಿದು, ಊರಿನ ಬೇರೆ ಯಾವ ಮಗುವೂ ಮಲಗಿರದಷ್ಟು ಕಾಲ ಇಟ್ಟಳು. ಕೊನೆಗೆ ಕಾಲುಗಳು ತೊಟ್ಟಿಲ ಆಚೆಗೆ ಚಾಚುತ್ತಿದ್ದವಂತೆ. ಅವನು ತಡವಾಗಿ ನಡೆದ, ಇನ್ನೂ ತಡವಾಗಿ ಮಾತಾಡಿದ. ಆದರೆ ನಡೆದ, ಮಾತಾಡಿದ. ತಾಯಿಗೆ ಅದೇ ಸಾಕ್ಷಿಯಾಯಿತು. ಸಾಯುವಾಗ ಮಗಳು ಸಾಯ್ರಾಳನ್ನು ಕರೆದು, ಇವನನ್ನು ಎಲ್ಲಿಗೂ ಕಳಿಸಬೇಡ, ಮಡಚಿಕೊಂಡು ಮಲಗಲು ಬಿಡಬೇಡ ಎಂದು ಹೇಳಿ ಹೋದಳು. ಸಾಯ್ರಾ ಎರಡನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಲಿಸಿದಳು.

ಇಶೆನ್‌ನ ಕೆಲಸ ಜಾಲರಿ ಗೋಡೆಗೆ ಗಂಟು ಹಾಕುವುದು. ಉಣ್ಣೆಮನೆಯ ಗೋಡೆಯೆಂದರೆ ಅಡ್ಡಡ್ಡ ಹಾಯ್ದ ಕೋಲುಗಳ ಬಲೆ. ಕೋಲು ಕೋಲು ಕೂಡುವ ಪ್ರತಿ ತೂತಿಗೂ ನೆನೆಸಿದ ತೊಗಲಿನ ಪಟ್ಟಿ ತೂರಿಸಿ ಎರಡೂ ಬದಿ ಗಂಟು ಬಿಗಿಯಬೇಕು. ಒಣಗಿದ ಮೇಲೆ ಆ ಗಂಟು ಕಲ್ಲು. ಓದು ಬರಹ ಹತ್ತದ ಅವನ ಕೈಗೆ ಇದು ಹತ್ತಿತ್ತು. ಆದರೆ ಇಶೆನ್ ಬದುಕಿದ್ದು ಗಂಟಿಗಾಗಿ ಅಲ್ಲ, ಬೇಸಿಗೆಗಾಗಿ. ಬೇಸಿಗೆಯಲ್ಲಿ ಉಸ್ತಾನ ತಂಡ ಲಾರಿ ತುಂಬ ಮನೆಗಳನ್ನು ಹೇರಿಕೊಂಡು ಹುಲ್ಲುಗಾವಲುಗಳಿಗೆ ಹೋಗಿ, ಅಲ್ಲಲ್ಲಿ ನಿಲ್ಲಿಸಿ ಕೊಟ್ಟು ಬರುತ್ತಿತ್ತು. ಮನೆ ನಿಲ್ಲಿಸುವಾಗ ಒಬ್ಬ ಗಟ್ಟಿ ಆಳು ನಡುವೆ ನಿಂತು, ಕವಲುಗೋಲಿನ ತುದಿಯಲ್ಲಿ ಚಾವಣಿಯ ನಡುವೆ ಕೂರುವ ಮರದ ನೆತ್ತಿಬಳೆಯನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕು. ಉಳಿದವರು ಚಾವಣಿಯ ಕೋಲುಗಳನ್ನು ಸುತ್ತಲಿಂದ ಅದಕ್ಕೆ ಸಿಕ್ಕಿಸುವ ತನಕ ಅವನು ಅಲುಗಾಡಕೂಡದು. ಆ ಆಳು ಎಷ್ಟೋ ವರ್ಷಗಳಿಂದ ಇಶೆನ್. ಮನೆ ನಿಂತ ಮೇಲೆ ಆ ಮನೆಯವರು ಹುಳಿಸಿದ ಕುದುರೆ ಹಾಲಿನ ಕುಮಿಸ್‌ನ ಮೊದಲ ಬಟ್ಟಲನ್ನು ಕೊಡುತ್ತಿದ್ದದ್ದೂ ಅವನಿಗೇ.

ಕುಬಾತ್ ಬರುವ ಹಿಂದಿನ ಶರತ್ಕಾಲದಲ್ಲಿ ಅದು ಕೆಟ್ಟಿತು. ಬಳೆ ಎತ್ತಿ ಹಿಡಿದಿದ್ದ ಇಶೆನ್ ನಿಂತ ನಿಲುವಿನಲ್ಲೇ ನಿದ್ದೆ ಹೋದ. ಬಳೆ ವಾಲಿ ಬಂದು ಉಸ್ತಾನ ಹೆಗಲ ಮೂಳೆಯ ಮೇಲೆ ಕೂತಿತು.

"ಮುಂದಿನ ಬೇಸಿಗೆ ಇಶೆನ್ ಮನೇಲಿರ್ಲಿ," ಎಂದು ಉಸ್ತಾ ಆಗಲೇ ಹೇಳಿಬಿಟ್ಟಿದ್ದ. ಅವನ ಜಾಗಕ್ಕೆಂದೇ ಕುಬಾತ್‌ನನ್ನು ಸೇರಿಸಿಕೊಂಡದ್ದು. ಬಳೆ ಎತ್ತಿದರೆ ಕುಬಾತ್‌ನ ತೋಳುಗಳು ಗಾಳಿಗೆ ಸಿಕ್ಕ ಒಗೆದ ಬಟ್ಟೆಯ ಹಾಗೆ ನಡುಗುತ್ತಿದ್ದವು. ಆದರೆ ಅವನು ಎಚ್ಚರವಾಗಿಯಾದರೂ ಇರುತ್ತಾನಲ್ಲ ಎಂಬುದು ಉಸ್ತಾನ ಲೆಕ್ಕ. ಕುಬಾತ್‌ನ ಬಗ್ಗೆ ಯಾರಾದರೂ ಹೇಳಿದ ಅತ್ಯಂತ ದೊಡ್ಡ ಹೊಗಳಿಕೆ ಅದೇ ಇರಬೇಕು.

ಇಶೆನ್‌ನಿಗೆ ಇದನ್ನು ಬಿಡಿಸಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ದಿನಾ ಬೆಳಿಗ್ಗೆ ಬಂದವನೇ ಕೇಳುತ್ತಿದ್ದ.

"ಗಾಡಿ ಯಾವಾಗ?"

"ಹಿಮ ಕರಗ್ಲಿ," ಎನ್ನುತ್ತಿದ್ದ ಉಸ್ತಾ.

ಹಿಮ ಕರಗಿತು.

"ಗಾಡಿ ಯಾವಾಗ?"

"ರಸ್ತೆ ಒಣಗ್ಲಿ."

ರಸ್ತೆ ಒಣಗತೊಡಗಿದಾಗ ಉಸ್ತಾ ಇಶೆನ್ ಬರುವ ಹೊತ್ತಿಗೆ ಹಿಂದಿನ ಬಾಗಿಲಿಂದ ಹೊರಬೀಳುವುದನ್ನು ಕಲಿತ.

ಕುಬಾತ್ ಬಾಡಿಗೆಗಿದ್ದದ್ದು ಸಾಯ್ರಾಳ ಮನೆಯಲ್ಲಿ. ಗಂಡ ಕೆಲಸಕ್ಕೆಂದು ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಂದು ಒಲೆ ಹಚ್ಚಿಕೊಂಡಿದ್ದರಿಂದ ಆ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಕೋಣೆ ಚೆನ್ನಾಗಿತ್ತು, ನಿದ್ದೆಯೊಂದು ಸಿಗುತ್ತಿರಲಿಲ್ಲ. ಗೋಡೆಯಾಚೆ ಇಶೆನ್‌ನ ಗೊರಕೆ ಶುರುವಾದರೆ ಮೊದಲ ವಾರ ಅವನಿಗೆ ಅದು ಯಾರೋ ಕೆಟ್ಟ ಟ್ರ್ಯಾಕ್ಟರನ್ನು ಶುರು ಮಾಡಲು ಹೆಣಗುತ್ತಿರುವಂತೆ ಕೇಳಿತು. ಗೊರಕೆಗಿಂತ ಕೆಟ್ಟದ್ದು ಅದು ನಿಲ್ಲುವುದು. ಟ್ರ್ಯಾಕ್ಟರು ತಟ್ಟನೆ ನಿಂತುಬಿಡುತ್ತಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕುಬಾತ್ ಕಿವಿ ನಿಮಿರಿಸಿ ತಾನೂ ಉಸಿರು ಹಿಡಿದು ಕಾಯುತ್ತಿದ್ದ. ಕೊನೆಗೆ ನೀರಿನಿಂದ ಮೇಲೆದ್ದವನ ಹಾಗೆ ಒಂದು ಏದುಸಿರು, ಹಾಸಿಗೆಯ ಸರಬರ, ಆಮೇಲೆ ಸಾಯ್ರಾಳ ದನಿ: "ಮತ್ತೆ ಎದ್ದು ಕೂತ್ಯಾ? ಮಲಗು. ನೆಟ್ಟಗೆ ಮಲಗು ಅಂದೆ." ಧೊಪ್ಪನೆ ಸದ್ದು. ಮತ್ತೆ ಟ್ರ್ಯಾಕ್ಟರು. ಬೆಳಗಿನ ತನಕ ಇದೇ ಪಾಡು. ಮೂವರೂ ಒಂದೇ ಚಾವಣಿಯ ಕೆಳಗೆ, ಮೂರು ಬಗೆಯಲ್ಲಿ ಎಚ್ಚರ.

ಸಾಯ್ರಾ ತಮ್ಮನ ಎರಡೂ ಪಕ್ಕಕ್ಕೆ ಸುತ್ತಿದ ಕಂಬಳಿಗಳನ್ನು ಒತ್ತರಿಸಿ, ಎದೆಯ ಮೇಲೆ ಹಳೆಯ ತೊಟ್ಟಿಲ ಪಟ್ಟಿಯಂಥದೇ ಒಂದು ಅಗಲ ಪಟ್ಟಿ ಎಳೆದು ಹಾಸಿಗೆಗೆ ಸಿಕ್ಕಿಸುತ್ತಿದ್ದಳು. ಎದೆಯ ಮೇಲೆ ಕೂತು ಉಸಿರು ಕಟ್ಟಿಸುವ ಅಲ್ಬಾರ್ಸ್ತಿ ಎಂಬ ಹೆಣ್ಣುಭೂತ ಹೆದರಲೆಂದು ದಿಂಬಿನಡಿ ಚಾಕು. ಮುಲ್ಲಾ ಬರೆದುಕೊಟ್ಟ ತಾಯಿತ ಕತ್ತಿನಲ್ಲಿ.

"ಇದೆಲ್ಲ ಇದ್ದೂ ಬರ್ತಾಳಾ ಅವಳು?" ಎಂದು ಕುಬಾತ್ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕೇಳಿದ್ದ.

"ಬರ್ತಾಳೆ. ಅದಕ್ಕೇ ರಾತ್ರಿಯೆಲ್ಲ ಎದ್ದೆದ್ದು ಕೂರ್ತಾನೆ. ನಾನೇ ಮಲಗಿಸ್ಬೇಕು." ಸಾಯ್ರಾಳ ಕಣ್ಣ ಕೆಳಗೆ ಕಪ್ಪು ಚೀಲಗಳು ತೂಗುತ್ತಿದ್ದವು. "ನಗಬೇಡ ನೀನು. ಅಂಟಿನ ಡಬ್ಬಕ್ಕೆ ನಮಾಜು ಮಾಡಿದೋನು."

ಹಗಲು ಇನ್ನೊಂದು ಕಥೆ. ಆ ವಸಂತದಲ್ಲಿ ಇಶೆನ್ ಕಂಡವರೆಲ್ಲರ ಕಣ್ಣೆದುರೇ ಹಿಂದಕ್ಕೆ ಹೋಗುತ್ತಿದ್ದ. ತೊಗಲಿನ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಕಣ್ಣು ಮುಚ್ಚಿ ಬಿಡುತ್ತಿದ್ದ. ತೂತುಗಳನ್ನು ಬಿಟ್ಟುಬಿಟ್ಟು ಗಂಟು ಹಾಕುತ್ತಿದ್ದ. ಕೊಳ್ಳಲು ಬಂದ ಒಬ್ಬ ಹಿರಿಯನ ಎದುರು ಗೋಡೆ ಬಿಚ್ಚಿ ನಿಲ್ಲಿಸಿದಾಗ ಅದು ನಡುವೆ ಬಾಯಿ ತೆರೆದು ನಿಂತು, ಉಸ್ತಾನ ಮುಖ ಕಪ್ಪಿಟ್ಟಿತ್ತು. ಒಬ್ಬನೇ ಹೋಗಿ ನಾನ್ ತರುತ್ತಿದ್ದವನು ಅಂಗಡಿಯ ಎದುರಿನ ಕಟ್ಟೆಯ ಮೇಲೆ ಮಡಚಿ ಮಲಗಿ ನಾನ್ ಮರೆತು ಬರುತ್ತಿದ್ದ. ಮಾತು ಕಡಿಮೆಯಾಯಿತು, ಸಿಡುಕು ಜಾಸ್ತಿಯಾಯಿತು. ಅಂಗಿಯ ಗುಂಡಿ ಹಾಕು ಎಂದರೆ ಅಕ್ಕನ ಕೈ ತಳ್ಳುತ್ತಿದ್ದ. ಇಂಥವರಿಗೆ ನಲವತ್ತಕ್ಕೇ ಮುಪ್ಪು ಬರುತ್ತದೆ, ತಲೆ ಹೋಗುತ್ತದೆ, ಇನ್ನೇನೂ ಮಾಡುವಂತಿಲ್ಲ ಎಂದು ಊರು ತೀರ್ಪು ಕೊಟ್ಟಿತ್ತು. ಕುಬಾತ್ ಕೂಡ ಅದನ್ನೇ ನಂಬಿದ. ಅವನು ಬಿಟ್ಟ ಗಂಟುಗಳನ್ನೆಲ್ಲ ಕೂತು ಸರಿಮಾಡಬೇಕಾದವನು ತಾನಾದ್ದರಿಂದ, ನಂಬುವಾಗ ಸ್ವಲ್ಪ ಬೈದುಕೊಂಡೂ ನಂಬಿದ.

ರಸ್ತೆ ಒಣಗುವ ಹೊತ್ತಿಗೆ ಸಾಯ್ರಾಳ ಅತ್ತಿಗೆಯ ಕಡೆ ಒಂದು ಮದುವೆ ಬಂತು. ಪಕ್ಕದ ಜಿಲ್ಲೆ, ಹೋಗದಿದ್ದರೆ ಮಾತು ಬರುವಂಥದು. ಇಶೆನ್ ಗಲಾಟೆ ಮಾಡಿಯಾನು ಎಂದು ಅವನನ್ನು ಬಿಟ್ಟು ಹೊರಟಳು. ಹೊರಡುವ ಮುನ್ನ ಕುಬಾತ್‌ನನ್ನು ನಿಲ್ಲಿಸಿಕೊಂಡಳು.

"ಅಂಗಾತ ಮಲಗಿಸ್ಬೇಕು. ಪಟ್ಟಿ ಹಾಕ್ಬೇಕು. ಎದ್ದು ಕೂತ್ರೆ ಮತ್ತೆ ಮಲಗಿಸ್ಬೇಕು. ತಿಳೀತಾ?"

"ತಿಳೀತು ಅಕ್ಕ."

"ಎಷ್ಟು ಸಲ ಎದ್ರೂ."

"ಎಷ್ಟು ಸಲ ಎದ್ರೂ," ಎಂದು ಕುಬಾತ್ ಎದೆ ಮುಟ್ಟಿಕೊಂಡು ಹೇಳಿದ.

ಮೊದಲ ರಾತ್ರಿ ಅವನು ಕೆಲವು ಸಲ ಮಾತು ಉಳಿಸಿಕೊಂಡ. ಇಶೆನ್ ಏಳುತ್ತಿದ್ದ, ಕುಬಾತ್ ತಳ್ಳುತ್ತಿದ್ದ. ಆ ಎದೆಯನ್ನು ಹಿಂದಕ್ಕೆ ತಳ್ಳುವುದೆಂದರೆ ಹೋರಿಯನ್ನು ಕೊಟ್ಟಿಗೆಗೆ ತಳ್ಳಿದ ಹಾಗೆ. ಆಮೇಲೆ ಕುಬಾತ್‌ನ ಕಣ್ಣೇ ಎಳೆಯತೊಡಗಿತು. ಸಾಯ್ರಾ ಎಲ್ಲೋ ಮದುವೆಯೂಟ ಮಾಡಿ ಮಲಗಿರುತ್ತಾಳೆ, ತಾಯಿ ಸತ್ತು ಎಷ್ಟೋ ವರ್ಷವಾಯಿತು, ನೋಡುವವರು ಯಾರು ಎಂದುಕೊಂಡು, ಇಶೆನ್‌ನನ್ನು ಕೂತು ಮಡಚಿಕೊಂಡ ಭಂಗಿಯಲ್ಲೇ ಬಿಟ್ಟು, ಹೋಗಿ ಮಲಗಿಬಿಟ್ಟ. ಆ ಮನೆಯಲ್ಲಿ ಅವನಿಗೆ ಬಂದ ಮೊದಲ ನಿಜವಾದ ನಿದ್ದೆ ಅದು.

ಬೆಳಿಗ್ಗೆ ಯಾರೋ ಅವನ ಹೆಬ್ಬೆರಳು ಹಿಡಿದು ಎಳೆಯುತ್ತಿದ್ದರು.

"ಏಳು. ಚಹಾ ಆರುತ್ತೆ," ಎಂದ ಇಶೆನ್. ಮುಖ ತೊಳೆದಿದ್ದ. ಅಂಗಿಯ ಗುಂಡಿಗಳೆಲ್ಲ ಹಾಕಿದ್ದವು, ಒಂದು ಮನೆ ತಪ್ಪಿ. ಒಲೆಯ ಮೇಲೆ ಚಹಾ ಕುದಿದು ಪಾತ್ರೆಯ ಅರ್ಧಕ್ಕಿಳಿದಿತ್ತು. "ಸೋಂಬೇರಿ," ಎಂದೂ ಸೇರಿಸಿದ.

ಆ ದಿನ ಅವನು ಕೂತ ಜಾಗ ಬಿಟ್ಟು ಏಳದೆ ಗಂಟು ಹಾಕಿದ. ಉಸ್ತಾ ಮೂರು ಸಲ ಬಂದು ಕೋಲುಗಳನ್ನು ಎಳೆದು ನೋಡಿದ. ಕೊನೆಗೆ ಕುಬಾತ್‌ನನ್ನು ಮೂಲೆಗೆ ಕರೆದ.

"ಏನು ಕೊಟ್ಟೆ ಅವನಿಗೆ? ನಿಜ ಹೇಳು. ಮಾತ್ರೆ ಗೀತ್ರೆ?"

"ಚಹಾ ಅವನೇ ಕೊಟ್ಟ ನನಗೆ."

"ಅವನಾ? ನಿನಗಾ?" ಉಸ್ತಾ ಹೆಗಲು ಸವರಿಕೊಂಡ. "ನಾಳೆ ನೋಡೋಣ."

ಆ ರಾತ್ರಿಯೂ ಕುಬಾತ್ ಮಲಗಿಸುವ ಗೊಡವೆಗೆ ಹೋಗಲಿಲ್ಲ; ಮರುದಿನವೂ ಅಷ್ಟೇ. ಇಶೆನ್ ಹಾಡಿಕೊಂಡೂ ಇದ್ದ. ಆದರೆ ಆ ಸಂಜೆ ಸಾಯ್ರಾ ಫೋನು ಮಾಡಿದಳು. ನೆಟ್ಟಗೆ ಮಲಗಿಸುತ್ತಿದ್ದೀಯಾ, ರೊಟ್ಟಿ ಮುಟ್ಟಿ ಆಣೆ ಮಾಡು ಎಂದಳು. ರೊಟ್ಟಿ ಮುಟ್ಟಿ ಸುಳ್ಳು ಹೇಳುವಷ್ಟು ಕುಬಾತ್ ಇನ್ನೂ ಕೆಟ್ಟಿರಲಿಲ್ಲ; ಇವತ್ತಿನಿಂದ ಮಲಗಿಸುತ್ತೇನೆ ಎಂದು ಆಣೆ ಮಾಡಿದ. ಮಾಡಿದ ತಪ್ಪಿಗೆ ರಾತ್ರಿಯೆಲ್ಲ ಎದ್ದಿದ್ದು, ಪಟ್ಟಿ ಬಿಗಿದು, ತಳ್ಳಿ ತಳ್ಳಿ ಮಲಗಿಸಿದ. ಬೆಳಗಿನ ಹೊತ್ತಿಗೆ ಹಳೆಯ ಇಶೆನ್ ಹಿಂದಿರುಗಿದ್ದ: ಊದಿದ ಮುಖ, ತೆರೆಯದ ಕಣ್ಣು, ಅಂಗಿ ತೊಡಿಸಲು ಹೋದರೆ ಮೊಣಕೈ ಏಟು. ಕೊಟ್ಟಿಗೆಯಲ್ಲಿ ಮೊದಲ ಗಂಟಿಗೇ ಮಡಚಿಕೊಂಡ. ನಿದ್ದೆಗೆಟ್ಟ ಕುಬಾತ್ ಅವನ ಎದುರಿಗೆ ಕೂತು ತಾನೂ ತೂಕಡಿಸುತ್ತ, ತೂತು ತಪ್ಪಿ ತನ್ನ ಹೆಬ್ಬೆರಳಿಗೆ ದಬ್ಬಳ ಚುಚ್ಚಿಕೊಂಡ. ನೋವಿಗೆ ಎಚ್ಚರವಾದದ್ದು ಕೈ ಮಾತ್ರವಲ್ಲ. ಒಂದೇ ರಾತ್ರಿ ಪೂರ್ತಿ ನಿದ್ದೆ ಕೆಟ್ಟಿದ್ದಕ್ಕೆ ತನಗೆ ಈ ಗತಿಯಾದರೆ, ಎಂದು ಅವನು ಬೆರಳು ಚೀಪುತ್ತ ಯೋಚಿಸಿದ. ಎರಡಕ್ಕೆ ಎರಡು ಕೂಡಿಸಲು ಅವನಿಗೆ ಯಾವಾಗಲೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆದರೆ ಕೂಡಿತು.

ಊರಿನ ಆರೋಗ್ಯ ಕೇಂದ್ರದ ನರ್ಸ್ ಬಾತ್ಮಾ, ಮಾತಿಗಿಂತ ಮೊದಲು ಹುಬ್ಬು ಏರಿಸುವ ಹೆಂಗಸು. ಕುಬಾತ್ ಹೇಳಿದ್ದನ್ನೆಲ್ಲ ಕೇಳಿ, ಅವನು ಕರೆತಂದಿದ್ದ ಇಶೆನ್‌ನಿಗೆ ಅಲ್ಲೇ ಬೆಂಚಿನ ಮೇಲೆ ಅಂಗಾತ ಮಲಗು ಎಂದಳು. ಮಲಗಿದ ಇಶೆನ್‌ನಿಗೆ ಎಂದಿನಂತೆ ತಕ್ಷಣ ನಿದ್ದೆ. ಗೊರಕೆ ಬಂತು, ನಿಂತಿತು. ಬಾತ್ಮಾ ಅವನ ಮೂಗಿನ ಕೆಳಗೆ ಅಂಗೈ ಹಿಡಿದಳು. ಎದೆ ಹೆಣಗುತ್ತಿತ್ತು, ಅಂಗೈಗೆ ಗಾಳಿ ತಾಕುತ್ತಿರಲಿಲ್ಲ. ಅವಳ ಹುಬ್ಬು ಕೆಳಗಿಳಿಯಿತು.

"ಇವನು ಸೋಮಾರಿಯಲ್ಲ, ತಲೆಯೂ ಹೋಗಿಲ್ಲ," ಎಂದಳು ಅವನು ಏದುಸಿರು ಬಿಟ್ಟು ಎದ್ದ ಮೇಲೆ. "ಡೌನ್ ಸಿಂಡ್ರೋಮ್ ಇರೋರಲ್ಲಿ ಇದು ಬಹಳ ಜನಕ್ಕೆ. ಗಂಟಲು ಕಿರಿದು, ನಾಲಗೆ ದಪ್ಪ, ಮಾಂಸ ಸಡಿಲ. ಅಂಗಾತ ಮಲಗಿದ್ರೆ ಎಲ್ಲ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತೆ. ಉಸಿರು ಕಟ್ಟುತ್ತೆ, ಎಚ್ಚರ ಆಗುತ್ತೆ, ಮತ್ತೆ ಕಟ್ಟುತ್ತೆ. ಅವನು ರಾತ್ರಿ ಮಲಗೋದೇ ಇಲ್ಲ ಕಣೋ, ರಾತ್ರಿಯೆಲ್ಲ ಕುಸ್ತಿ ಆಡ್ತಾನೆ."

"ಕೂತು ಮಡಚ್ಕೊಂಡ್ರೆ?"

"ನಾಲಗೆ ಮುಂದಕ್ಕೆ ಬರುತ್ತೆ, ದಾರಿ ಬಿಡುತ್ತೆ. ಅವನಿಗೆ ಯಾರೂ ಹೇಳ್ಕೊಟ್ಟಿಲ್ಲ, ಮೈಯೇ ಹುಡುಕ್ಕೊಂಡಿದೆ. ಹಾಗಂತ ಅದೇ ಮದ್ದಲ್ಲ. ಪಟ್ಟಣಕ್ಕೆ ಕರ್ಕೊಂಡು ಹೋಗಿ ರಾತ್ರಿ ಪರೀಕ್ಷೆ ಮಾಡಿಸ್ಬೇಕು. ಹೃದಯಕ್ಕೂ ಒಳ್ಳೇದಲ್ಲ ಇದು." ಹುಬ್ಬು ಮತ್ತೆ ಏರಿತು. "ಇಷ್ಟು ದಿನ ಯಾರು ಇವನನ್ನ ಮಲಗಿಸ್ತಿದ್ದದ್ದು?"

ಕುಬಾತ್ ಕಿಟಕಿಯಾಚೆ ನೋಡಿದ.

ಸಾಯ್ರಾ ಮದುವೆಯಿಂದ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರೊಟ್ಟಿಗಳ ದೊಡ್ಡ ಗಂಟು ಹೊತ್ತು, ಮೈ ಕೈ ನೋಯಿಸಿಕೊಂಡು ಬಂದಳು. ವಿಷಯ ಕೇಳಿ ಗಂಟನ್ನು ನೆಲಕ್ಕೆ ಹಾಕಿದಳು.

"ನಾಲ್ಕು ದಿನ ನೋಡ್ಕೋ ಅಂದ್ರೆ ನನ್ನ ಮೇಲೆ ದೂರು ಕೊಟ್ಟು ಬಂದ್ಯಾ? ಅಮ್ಮ ಹೇಳಿದ್ದು ಸುಳ್ಳಾ? ಆಶ್ರಮಕ್ಕೆ ಹೋಗ್ಬೇಕಾಗಿದ್ದೋನು ಇವತ್ತು ನಡೀತಾನೆ, ದುಡೀತಾನೆ. ಯಾರಿಂದ?"

"ನಿಮ್ಮಿಂದಲೇ ಅಕ್ಕ."

"ಮತ್ತೆ?"

ಅಷ್ಟರಲ್ಲಿ ಬಾತ್ಮಾ ತಾನೇ ಬಂದಳು. ಊಟವಾದ ಮೇಲಿನ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು. ಇಶೆನ್ ಅಕ್ಕ ಹೇಳಿದ್ದಕ್ಕೆ ಅಂಗಾತ ಮಲಗಿದ, ಅವಳು ಎಂದಿನಂತೆ ಪಟ್ಟಿ ಸಿಕ್ಕಿಸಿದಳು. ಬಾತ್ಮಾ ಸಾಯ್ರಾಳ ಅಂಗೈ ಹಿಡಿದು ತಮ್ಮನ ಮೂಗಿನ ಕೆಳಗೆ ಇಟ್ಟಳು. ಗೊರಕೆ ಬಂತು, ನಿಂತಿತು. ಈ ಸದ್ದು ನಿಲ್ಲುವುದನ್ನು ಸಾಯ್ರಾ ಎಷ್ಟೋ ವರ್ಷ ಕತ್ತಲಲ್ಲಿ ಕೇಳಿದ್ದಳು. ಹಗಲಿನಲ್ಲಿ ಮುಖ ನೋಡಿರಲಿಲ್ಲ. ತುಟಿ ನೀಲಿಗೆ ತಿರುಗಿತು. ಪಟ್ಟಿಯ ಕೆಳಗೆ ಎದೆ ಎದ್ದೆದ್ದು ಬೀಳುತ್ತಿತ್ತು, ಅಂಗೈಗೆ ಏನೂ ಬರಲಿಲ್ಲ.

"ಉಸಿರಾಡೋ," ಎಂದಳು ಸಾಯ್ರಾ ಮೆಲ್ಲಗೆ. ಆಮೇಲೆ ಎರಡೂ ಕೈಯಿಂದ ಪಟ್ಟಿಯನ್ನು ಕಿತ್ತಳು.

ಎದ್ದು ಕೂತ ಇಶೆನ್ ಬೋರ್ಸೋಕ್ ಎಲ್ಲಿ ಎಂದು ಕೇಳಿದ. ಸಾಯ್ರಾ ಚಾಕುವನ್ನು ದಿಂಬಿನಡಿಯಿಂದ ತೆಗೆದು ಅಡುಗೆಮನೆಗೆ ಒಯ್ದಳು. ಕುಬಾತ್‌ನ ನಾಲಗೆಯ ತುದಿಗೆ ಭೂತದ ಬಗ್ಗೆ ಒಂದು ಚಟಾಕಿ ಬಂದಿತ್ತು. ಅವನು ಅದನ್ನು ನುಂಗಿದ. ಜೀವಮಾನದಲ್ಲಿ ಅವನು ನುಂಗಿದ ಚಟಾಕಿಗಳು ಕಡಿಮೆ.

ಪಟ್ಟಣದಲ್ಲಿ ಇಶೆನ್‌ನ ತಲೆಗೂ ಎದೆಗೂ ಬೆರಳಿಗೂ ವೈರುಗಳನ್ನು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಡಾಕ್ಟರು ಬಾತ್ಮಾ ಹೇಳಿದ್ದನ್ನೇ ಇನ್ನೂ ಉದ್ದದ ಪದಗಳಲ್ಲಿ ಹೇಳಿದರು. ಮೂಗಿಗೆ ಗಾಳಿ ಒತ್ತುವ ಮುಖವಾಡದ ಯಂತ್ರ ಬೇಕು, ಅದು ಬರಲು ಶರತ್ಕಾಲವಾಗುತ್ತದೆ. ಅಲ್ಲಿಯ ತನಕ ಅಂಗಾತ ಮಾತ್ರ ಬೇಡ, ಬೆನ್ನಿಗೆ ದಿಂಬು ಒತ್ತರಿಸಿ ಪಕ್ಕಕ್ಕೆ ಮಲಗಲಿ. ತೂಕ ಇಳಿಸಬೇಕು, ಬೋರ್ಸೋಕ್ ಕಡಿಮೆ ಮಾಡಬೇಕು. ಇಡೀ ವೈದ್ಯಶಾಸ್ತ್ರದಲ್ಲಿ ಇಶೆನ್ ಅನ್ಯಾಯ ಎಂದು ಜಗಳ ತೆಗೆದದ್ದು ಇದೊಂದಕ್ಕೇ. ಹುಲ್ಲುಗಾವಲಿಗೆ ಹೋಗಬಹುದೇ ಎಂದು ಕುಬಾತ್ ಕೇಳಿದಾಗ, ತುಂಬ ಎತ್ತರದ್ದಕ್ಕೆ ಬೇಡ, ಕೆಳಗಿನವಕ್ಕೆ ಅಡ್ಡಿಯಿಲ್ಲ ಎಂದರು ಡಾಕ್ಟರು. ಸಾಯ್ರಾ ಆ ಮಾತು ಕೇಳಿಸದವಳ ಹಾಗೆ ಸ್ಕಾರ್ಫು ಬಿಗಿದುಕೊಂಡಳು.

ಇಶೆನ್ ರಾತ್ರೋರಾತ್ರಿ ಬದಲಾದನೆಂದೇನೂ ಅಲ್ಲ. ಹಠ ಅವನದು ಹುಟ್ಟಾ ಹಠ, ಅದು ಹಾಗೇ ಇತ್ತು. ಕೆಲವು ರಾತ್ರಿ ಈಗಲೂ ಕೆಡುತ್ತಿದ್ದವು, ಮರುದಿನ ಅವನ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಗಂಟುಗಳು ತೂತು ಬಿಡದೆ ಬಂದವು. ನಾನ್ ಮನೆ ಮುಟ್ಟಿತು, ಅಂಚು ಕಚ್ಚಿಸಿಕೊಂಡು. ಉಸ್ತಾ ಒಂದು ದಿನ ಅಂಗಳದಲ್ಲಿ ಗೋಡೆ ನಿಲ್ಲಿಸಿ, ಬಳೆ ಎತ್ತು ಎಂದ. ಇಶೆನ್ ಎತ್ತಿದ. ಉಸ್ತಾ ಬೇಕೆಂತಲೇ ಒಂದು ಕೋಲು ಸಿಕ್ಕಿಸಿ, ಸಿಗರೇಟು ಹಚ್ಚಿ, ಪಕ್ಕದ ಮನೆಯವನ ಜೊತೆ ಕುರಿಯ ಕಾಯಿಲೆಯ ಬಗ್ಗೆ ಮಾತಾಡಿ, ನಿಧಾನ ಬಂದ. ಬಳೆ ನೆತ್ತಿಯಲ್ಲೇ ಇತ್ತು.

"ಬೇಗ ಮಾಡು, ಮುದುಕ," ಎಂದ ಇಶೆನ್ ಮೇಲೆ ನೋಡುತ್ತಲೇ.

"ಕರ್ಕೊಂಡ್ ಹೋಗ್ತೀನಿ," ಎಂದ ಉಸ್ತಾ, ಸಾಯ್ರಾಳ ಮನೆಯ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ. ಕುಬಾತ್‌ನಿಗೆ ಅಡುಗೆಯ ಕೆಲಸ ಬಿತ್ತು. ಅವನ ತೋಳುಗಳಿಗೆ ಅದರಿಂದ ಆದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಾರದು.

ಲಾರಿ ಹೊರಡುವ ಬೆಳಿಗ್ಗೆ ಇಶೆನ್ ಎಲ್ಲರಿಗಿಂತ ಮೊದಲೇ ಸಿದ್ಧನಾಗಿದ್ದ. ಟೋಪಿ, ಕೋಟು, ಚೀಲ, ಬೆನ್ನಿಗೆ ಒತ್ತರಿಸುವ ದಿಂಬು. ಕಾಲಲ್ಲಿ ಮಾತ್ರ ಬರೀ ಕಾಲುಚೀಲ. ಸಾಯ್ರಾ ಬಾಗಿಲ ಬಳಿಯ ಬೆಂಚಿನ ಮೇಲೆ, ಅವನ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಕೊಡು ಸಾಯ್ರಾ," ಎಂದ ಉಸ್ತಾ ಲಾರಿಯ ಪಕ್ಕದಿಂದ. "ಕೆಳಗಿನ ಹುಲ್ಲುಗಾವಲಿಗೇ ಹೋಗ್ತಿರೋದು."

"ರಾತ್ರಿ ಯಾರು ನೋಡ್ತಾರೆ? ಈ ಕುಬಾತಾ? ಇವನು ಮಲಗಿದ್ರೆ ಎಬ್ಬಿಸೋಕೇ ಇಬ್ರು ಬೇಕು."

"ಅವನ ಪಕ್ಕದಲ್ಲೇ ಮಲಗ್ತೀನಿ ಅಕ್ಕ. ಅವನು ಅಂಗಾತ ಹೊರಳಿದ್ರೆ ನನ್ನನ್ನ ಒದ್ದು ಎಬ್ಬಿಸು ಅಂತ ಉಸ್ತಾಗೂ ಹೇಳಿದೀನಿ."

"ಅಮ್ಮ ಎಲ್ಲಿಗೂ ಕಳಿಸ್ಬೇಡ ಅಂದಿದ್ಳು."

"ಆಶ್ರಮಕ್ಕೆ ಕಳಿಸ್ಬೇಡ ಅಂದಿದ್ದು," ಎಂದ ಉಸ್ತಾ. "ಕೆಲಸಕ್ಕಲ್ಲ."

ಸಾಯ್ರಾ ಬೂಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪಟ್ಟಣದಿಂದ ಬಂದಾಗಿನಿಂದ ಅವಳೂ ಸರಿಯಾಗಿ ಮಲಗಿರಲಿಲ್ಲ ಎಂಬುದು ಕುಬಾತ್‌ನಿಗೆ ಗೊತ್ತಿತ್ತು. ಗೋಡೆಯಾಚೆ ಈಗ ಗೊರಕೆ ಕಡಿಮೆ, ಅವಳು ಎದ್ದು ಓಡಾಡುವ ಸದ್ದು ಜಾಸ್ತಿ. ಕೊನೆಗೆ ತಲೆಯೆತ್ತಿ ತಮ್ಮನನ್ನು ನೋಡಿದಳು.

"ಇಶೆನ್, ಇಲ್ಲಿ ನೋಡು. ನನ್ನ ಮುಖ ನೋಡಿ ಹೇಳು. ಇಷ್ಟು ವರ್ಷ ನಿನ್ನನ್ನ ಹಾಗೆ ಮಲಗಿಸ್ದೆನಲ್ಲ. ನಾನು ನಿಂಗೆ ಕೆಟ್ಟದ್ದು ಮಾಡಿದ್ನಾ?"

ಉಸ್ತಾ ಲಾರಿಯ ಗಾಲಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ಇಲ್ಲ ಅನ್ನು, ಇಲ್ಲ ಅಕ್ಕ ಅನ್ನು ಎಂದು ಕುಬಾತ್ ಅವಳ ಬೆನ್ನ ಹಿಂದಿನಿಂದ ತಲೆ ಆಡಿಸಿ ಸನ್ನೆ ಮಾಡಿದ. ಅವನಾಗಿದ್ದರೆ ಕಣ್ಣು ಮಿಟುಕಿಸದೆ ಹೇಳಿಬಿಡುತ್ತಿದ್ದ.

ಇಶೆನ್ ಅಕ್ಕನ ಮುಖವನ್ನು ನೋಡಿದ. ಅವಸರವಿಲ್ಲದೆ, ಕೇಳಿದ್ದಕ್ಕೆ ಸರಿಯಾಗಿ ಯೋಚಿಸುವವನ ಹಾಗೆ ನೋಡಿದ.

"ಮಾಡ್ದೆ," ಎಂದ. "ಬೂಟು ಕೊಡು. ಗಾಡಿ ಹೋಗುತ್ತೆ."